ತಾಳೆ ನೋಡುವ ಹೊಣೆ ಯಾರದು?



ವ್ಯಾಪಾರ ಮಾಡುವವರಿಗೆ ‘ತಾಳೆ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನದ ಕಿರ್ದಿಗೂ ಖಾತೆ ಪುಸ್ತಕಕ್ಕೂ ತಾಳೆಯಾಗಬೇಕು. ಪೆಟ್ಟಿಗೆಯಲ್ಲಿರುವ ರೊಕ್ಕಕ್ಕೂ ಬರೆದ ಲೆಕ್ಕಕ್ಕೂ ತಾಳೆಯಾಗಬೇಕು. ಆಗದಿದ್ದರೆ ಅಂಗಡಿಯವನಿಗೆ ಆ ರಾತ್ರಿ ನಿದ್ದೆಯಿಲ್ಲ. ಒಕ್ಕಲುತನ ಮಾಡುವವರಿಗೂ ಇದು ಗೊತ್ತಿದ್ದದ್ದೇ. ಕಣದಲ್ಲಿ ತುಂಬಿದ ಚೀಲ ಎಷ್ಟು, ಪೇಟೆಯಲ್ಲಿ ಇಳಿಸಿದ ಚೀಲ ಎಷ್ಟು ಎಂದು ಎಣಿಸದೆ ಯಾವ ರೈತನೂ ಮನೆಗೆ ಮರಳುವುದಿಲ್ಲ. ಇಂದಿನ ಮಕ್ಕಳು ‘ಸಿಂಕ್’ ಎಂದು ಕರೆಯುವುದೂ ಇದನ್ನೇ. ಫೋನಿನಲ್ಲಿರುವುದೂ ಕಂಪ್ಯೂಟರಿನಲ್ಲಿರುವುದೂ ಒಂದೇ ಆಗುವಂತೆ ಎರಡನ್ನೂ ಕೂಡಿಸಿ ತಾಳೆ ಮಾಡುವುದು.

ಕಳೆದ ದೀಪಾವಳಿಯಲ್ಲಿ ನನ್ನ ಅಂಗಡಿಯಲ್ಲಿ ಈ ತಾಳೆ ತಪ್ಪಿತು. ಯಂತ್ರಗಳ ತಾಳೆ ತಪ್ಪಿದ್ದರೆ ಅದನ್ನು ಇಲ್ಲಿ ಬರೆಯಬೇಕಾದ ಕಾರಣವಿರಲಿಲ್ಲ. ಅದರ ಸಿಟ್ಟಿನಲ್ಲಿ ನಾನು ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದೆ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೊಸದೂ ಹಳೆಯದೂ ಒಂದಕ್ಕೊಂದು ಹೊಂದದೆ ಹೋದಾಗ, ಹೊಂದಿಸುವ ಹೊಣೆ ಯಾರ ಮೇಲಿದೆ? ಹಳೆಯದನ್ನು ಹಿಡಿದು ಕುಳಿತವನ ಮೇಲೋ, ಹೊಸದನ್ನು ತಂದವನ ಮೇಲೋ? ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕಡೆಯ ಅನೇಕ ಬಂಧುಗಳ ಅಂಗಡಿ ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಇರಬಹುದೆಂದು ನನ್ನ ಅನುಭವವನ್ನು ಮುಚ್ಚಿಡದೆ ಹೇಳುತ್ತೇನೆ.

ನಡೆದದ್ದು

ನಮ್ಮದು ಬೀಜ ಗೊಬ್ಬರದ ಅಂಗಡಿ. ಸುತ್ತಲಿನ ಹಳ್ಳಿಗಳ ಮುನ್ನೂರಕ್ಕೂ ಹೆಚ್ಚು ಒಕ್ಕಲು ಮನೆತನಗಳ ಉದ್ರಿ ಖಾತೆಗಳು ನಮ್ಮಲ್ಲಿವೆ. ಬಿತ್ತುವಾಗ ಒಯ್ಯುತ್ತಾರೆ, ಬೆಳೆ ಮಾರಿದಾಗ ತಂದು ಕೊಡುತ್ತಾರೆ. 2010ರಲ್ಲಿ ಒಂದು ಕಂಪ್ಯೂಟರು ತಂದೆವು. ಅಂದಿನಿಂದ ಆ ಖಾತೆಗಳೆಲ್ಲ ಅದರಲ್ಲಿಯೇ ಇದ್ದವು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಆದ್ದರಿಂದ ಹೆಸರುಗಳನ್ನೂ ಊರುಗಳನ್ನೂ ಕನ್ನಡದಲ್ಲಿಯೇ ಬರೆದಿದ್ದೆ.

ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಪಾಡ್ಯದ ದಿನ ಲೆಕ್ಕದ ಪುಸ್ತಕದ ಪೂಜೆಯ ಹೊತ್ತಿಗೆ ನನಗೊಂದು ಹೊಸ ಫೋನು ತಂದುಕೊಟ್ಟ. “ಅಪ್ಪಾ, ಇನ್ನ ಮ್ಯಾಲೆ ಎಲ್ಲಾ ಲೆಕ್ಕ ಇದರಾಗ ನೋಡ್ರಿ. ಊರಿಗೆ ಹೋದ್ರೂ ಅಂಗಡಿ ಕಿಸೆದಾಗ ಇರ್ತದ” ಎಂದ. ಶ್ರಾವಣದಲ್ಲಿ ತೆಗೆದಿಟ್ಟಿದ್ದ ಒಂದು ಪ್ರಿಂಟನ್ನು ನೋಡಿ ಬಾಕಿಗಳನ್ನು ಆಗಲೇ ಫೋನಿಗೆ ಏರಿಸಿದ್ದ. ಶ್ರಾವಣದಿಂದ ಈಚಿನದನ್ನು ತಂತಿ ಹಚ್ಚಿ ಕಂಪ್ಯೂಟರಿನಿಂದ ಇಳಿಸಿಕೊಂಡರೆ ಆಯಿತು, ಹತ್ತು ನಿಮಿಷದ ಕೆಲಸ ಎಂದು ಹೇಳಿ ಮರುದಿನ ಪುಣೆಗೆ ಹೋದ.

ಆ ಹತ್ತು ನಿಮಿಷದ ಕೆಲಸ ಮೂರು ಸಂಜೆಗಳನ್ನು ನುಂಗಿತು. ತಂತಿ ಹಚ್ಚಿದರೆ ಫೋನು ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ. ತಂತಿ ಬದಲಿಸಿದೆ. ಆಗ ಕಂಡಂತಾಗಿ ಮಾಯವಾಯಿತು. ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಹೋದರೆ, ಈ ಯಂತ್ರ ಹಳೆಯದಾಯಿತು, ನಾನು ಇಲ್ಲಿ ನಡೆಯುವುದಿಲ್ಲ ಎಂದಿತು. ಇಂಟರ್ನೆಟ್ಟಿನಿಂದ ಕಳಿಸೋಣವೆಂದರೆ ಯಾವ ಜಾಲತಾಣವೂ ತೆರೆಯಲಿಲ್ಲ. ರಿಪೇರಿ ಅಂಗಡಿಯ ಹುಡುಗನನ್ನು ಕರೆಸಿದೆ. ಅವನು ನಿಂತಲ್ಲಿಂದಲೇ ನೋಡಿ, “ಇದನ್ನ ಗುಜರಿಗೆ ಹಾಕ್ರಿ” ಎಂದು ಹೇಳಿ ನೂರು ರೂಪಾಯಿ ತೆಗೆದುಕೊಂಡು ಹೋದ. ನನಗೆ ಸಿಟ್ಟು ನೆತ್ತಿಗೇರಿತು. ಕಂಪ್ಯೂಟರಿನ ತಂತಿಗಳನ್ನೆಲ್ಲ ಕಿತ್ತು, ಹಿಂದಿನ ಖೋಲಿಯಲ್ಲಿಟ್ಟು, ಅದರ ಮೇಲೆ ಒಂದು ಗೋಣಿಚೀಲ ಹೊದಿಸಿಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ನನ್ನದೇ ವಯಸ್ಸಿನ ರೈತರೊಬ್ಬರು ಕಡಲೆ ಬೀಜಕ್ಕೆ ಬಂದರು. ಮೂವತ್ತು ವರ್ಷದ ಗಿರಾಕಿ. ನಾನು ಫೋನು ತೆರೆದು, “ಅಣ್ಣಾ, ನಿಂದು ಇಪ್ಪತ್ತೊಂದು ಸಾವಿರದ ಆರನೂರಾ ಐವತ್ತು ಬಾಕಿ ಅದ” ಎಂದೆ. ಅವರು, “ಸಾವಕಾರ್ರ, ದಸರೆ ಮುಂದ ಉದ್ದು ಮಾರಿ ಒಂಬತ್ತು ಸಾವಿರದ ನಾಕನೂರು ಕೊಟ್ಟೀನಲ್ರಿ” ಎಂದರು. “ಫೋನಿನಾಗ ಇಲ್ಲಲ್ಲ. ಯಂತ್ರ ಸುಳ್ಳು ಹೇಳ್ತದೇನು?” ಎಂದುಬಿಟ್ಟೆ. ಅಂಗಡಿಯಲ್ಲಿ ಆಗ ನಾಲ್ಕು ಜನರಿದ್ದರು. ಆ ಹಿರಿಯರು ವಾದ ಮಾಡಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, “ಇರಲಿ ಬಿಡ್ರಿ” ಎಂದು ಹೇಳಿ ಬೀಜ ಒಯ್ಯದೆ ಎದ್ದು ಹೋದರು. ಮೂವತ್ತು ವರ್ಷದಲ್ಲಿ ಅವರು ಒಮ್ಮೆಯೂ ನನ್ನಿಂದ ಪಾವತಿ ಚೀಟಿ ಕೇಳಿದವರಲ್ಲ. ಕೇಳಿದ್ದರೆ ಅಂದು ನನ್ನ ಮುಂದೆ ಹಿಡಿಯಲು ಅವರ ಕೈಯಲ್ಲಿ ಏನಾದರೂ ಇರುತ್ತಿತ್ತು. ನನ್ನನ್ನು ನಂಬಿದ್ದಕ್ಕೆ ಅವರು ಬರಿಗೈಯಲ್ಲಿ ನಿಲ್ಲಬೇಕಾಯಿತು.

ಸಂಜೆ ಮನಸ್ಸು ತಡೆಯಲಿಲ್ಲ. ಒಂಬತ್ತನೆಯ ತರಗತಿಯ ಮೊಮ್ಮಗನನ್ನು ಕರೆದುಕೊಂಡು ಹಿಂದಿನ ಖೋಲಿಗೆ ಹೋಗಿ, ಗೋಣಿಚೀಲ ತೆಗೆದು, ಕಂಪ್ಯೂಟರನ್ನು ಮತ್ತೆ ಹಚ್ಚಿದೆ. ಅಶ್ವೀಜದ ಪುಟದಲ್ಲಿ ಅವರ ಹೆಸರಿನ ಮುಂದೆ ನಾನೇ ಒತ್ತಿದ ಅಂಕಿಗಳು ಇದ್ದವು: ನಗದು ಜಮಾ, 9,400. ಬಾಕಿ 12,250. ನನ್ನ ಹಳೆಯ ಯಂತ್ರ ಸತ್ಯವನ್ನು ಹಾಗೆಯೇ ಹಿಡಿದಿಟ್ಟುಕೊಂಡು ಗೋಣಿಚೀಲದ ಕೆಳಗೆ ಕುಳಿತಿತ್ತು.

ಸಿಟ್ಟು ಎಲ್ಲಿ ಹುಟ್ಟಿತು, ಎಲ್ಲಿ ಇಳಿಯಿತು

ಆ ರಾತ್ರಿ ನನ್ನನ್ನು ನಾನೇ ಕೇಳಿಕೊಂಡೆ. ನಾನು ಸಿಟ್ಟಾದದ್ದು ಯಾರ ಮೇಲೆ? ಒಂದು ತಂತಿಯ ಮೇಲೆ, ಒಂದು ಡಬ್ಬಿಯ ಮೇಲೆ. ಆ ಸಿಟ್ಟನ್ನು ಉಂಡವರು ಯಾರು? ಅದಕ್ಕೆ ಸಂಬಂಧವೇ ಇಲ್ಲದ ಒಬ್ಬ ರೈತರು. ಹೊಲದಲ್ಲಿ ಎತ್ತು ಮೊಂಡಾಟ ಮಾಡಿದರೆ ಮನೆಗೆ ಬಂದು ಹೆಂಡತಿಯ ಮೇಲೆ ರೇಗುವವರನ್ನು ನಾವು ನೋಡಿದ್ದೇವೆ. ಯಂತ್ರಕ್ಕೆ ಬೈದರೆ ಅದಕ್ಕೆ ನಾಟುವುದಿಲ್ಲವಾದ್ದರಿಂದ ಸಿಟ್ಟು ನಾಟುವವರನ್ನು ಹುಡುಕಿಕೊಂಡು ಹೋಗುತ್ತದೆ. ಹೆಚ್ಚಾಗಿ ಅದಕ್ಕೆ ಸಿಗುವವರು ನಮಗೆ ಎದುರಾಡದವರೇ. ಇದು ಒಂದು ದೋಷ.

ಎರಡನೆಯ ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಎರಡು ಲೆಕ್ಕಗಳು ಬೇರೆ ಬೇರೆ ಹೇಳಿದಾಗ ನಾನು ಹೊಸದನ್ನು ನಂಬಿದೆ. ಅದು ಹೊಸದು ಎಂಬುದನ್ನು ಬಿಟ್ಟರೆ ನಂಬಲು ಬೇರೆ ಆಧಾರವೇ ಇರಲಿಲ್ಲ. ಆ ಫೋನಿನಲ್ಲಿ ಇದ್ದದ್ದು ಶ್ರಾವಣದ ಬಾಕಿ ಎಂಬುದು ನನಗೆ ಗೊತ್ತಿತ್ತು. ಮೂರು ಸಂಜೆ ನಾನು ಹೆಣಗಿದ್ದೇ ಅದು ಅರ್ಧ ಲೆಕ್ಕವೆಂದು. ಆದರೂ ನಾಲ್ಕನೆಯ ಬೆಳಿಗ್ಗೆ ಅದರ ಹೊಳಪು ನೋಡಿ ಅದನ್ನೇ ಪೂರ್ಣ ಸತ್ಯವೆಂದು ಒಬ್ಬರ ಮುಖದ ಮುಂದೆ ಹಿಡಿದೆ. ಯಂತ್ರ ಸುಳ್ಳು ಹೇಳಲಿಲ್ಲ. ತನಗೆ ಹೇಳಿದಷ್ಟನ್ನು ಅದು ಹೇಳಿತು. ಅರ್ಧ ಗೊತ್ತಿರುವುದನ್ನು ಪೂರ್ತಿಯೆಂದು ಸಾರಿದವನು ನಾನು.

ಹಳೆಯದರ ತಪ್ಪೇ, ಹೊಸದರ ತಪ್ಪೇ?

ಆ ಮೇಲೆ ಮೊಮ್ಮಗನೊಡನೆ ಕುಳಿತು ಒಂದೊಂದೇ ಗಂಟನ್ನು ಬಿಡಿಸುತ್ತಾ ಹೋದೆ. ಬಿಡಿಸಿದಾಗ ತಿಳಿದದ್ದನ್ನು ಹೇಳುತ್ತೇನೆ. ಇದು ತಿಳಿದರೆ ಅರ್ಧ ಸಿಟ್ಟು ತಾನಾಗಿ ಇಳಿಯುತ್ತದೆ.

ಮೊದಲನೆಯದು ತಂತಿ. ಸಾಮಾನ್ಯ ಯು.ಎಸ್.ಬಿ. ತಂತಿಯೊಳಗೆ ನಾಲ್ಕು ಎಳೆಗಳಿರುತ್ತವೆ. ಎರಡು ವಿದ್ಯುತ್ತು ಒಯ್ಯಲು, ಎರಡು ಮಾಹಿತಿ ಒಯ್ಯಲು. ಕೆಲವು ಅಗ್ಗದ ತಂತಿಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ. ಫೋನು ಚಾರ್ಜ್ ಆಗುತ್ತದೆ, ಮಾತುಕತೆ ಆಗುವುದಿಲ್ಲ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಎರಡನೆಯದು, ಸರಿಯಾದ ತಂತಿ ಹಚ್ಚಿದರೂ ಫೋನು ತನ್ನ ಪರದೆಯ ಮೇಲೆ ಅನುಮತಿ ಕೇಳುತ್ತದೆ: ಬರೀ ಚಾರ್ಜೋ, ಕಡತಗಳನ್ನೂ ಕೊಡಲೋ ಎಂದು. ಪರದೆ ಬೀಗ ಹಾಕಿದ್ದರೆ ಏನನ್ನೂ ಕೊಡುವುದಿಲ್ಲ.

ಮೂರನೆಯದು ಮಾತಿನ ರೀತಿ. ಸುಮಾರು 2011ರ ಮೊದಲಿನ ಅನೇಕ ಫೋನುಗಳನ್ನು ಕಂಪ್ಯೂಟರಿಗೆ ಹಚ್ಚಿದರೆ ಕಣಜದ ಕೀಲಿಯನ್ನೇ ಕೈಗೆ ಕೊಟ್ಟಂತೆ ಪೂರ್ತಿ ತೆರೆದುಕೊಳ್ಳುತ್ತಿದ್ದವು. ಅಷ್ಟು ಹೊತ್ತು ತನ್ನ ಕಣಜವನ್ನು ಫೋನೇ ಮುಟ್ಟುವಂತಿರಲಿಲ್ಲ. ಈಚಿನ ಆಂಡ್ರಾಯ್ಡ್ ಫೋನುಗಳು ಕೀಲಿ ಕೊಡುವುದಿಲ್ಲ. ತಾವೇ ಬಾಗಿಲಲ್ಲಿ ನಿಂತು, ಕೇಳಿದ್ದನ್ನು ಒಂದೊಂದಾಗಿ ಎತ್ತಿ ಕೊಡುತ್ತವೆ. ಇದು ಒಳ್ಳೆಯ ಏರ್ಪಾಡೇ. ಆದರೆ ಹೇಗೆ ಕೇಳಬೇಕೆಂಬ ಮಾತು ಕಂಪ್ಯೂಟರಿಗೂ ಗೊತ್ತಿರಬೇಕು. ಹಳೆಯ ಯಂತ್ರಕ್ಕೆ ಅದನ್ನು ಕಲಿಸುವ ಪುಟ್ಟ ತಂತ್ರಾಂಶವನ್ನು ಯಾರಾದರೂ ಹಾಕಬೇಕು.

ನಾಲ್ಕನೆಯದು ಕೇಳಿದರೆ ನಗು ಬರುತ್ತದೆ. ನಮ್ಮ ಕಂಪ್ಯೂಟರಿನ ಒಳಗಿರುವ, ಗುಂಡಿಯಷ್ಟು ಗಾತ್ರದ ಸೆಲ್ಲು ಸತ್ತಿತ್ತು. ತಂತಿ ಕಿತ್ತಾಗಲೂ ಗಡಿಯಾರ ನಡೆಸುವುದು ಆ ಸೆಲ್ಲೇ. ಅದು ಸತ್ತುದರಿಂದ ಪರದೆಯ ಮೂಲೆಯಲ್ಲಿ 1 ಜನವರಿ 2010 ಎಂದಿತ್ತು. ಇಂದಿನ ಜಾಲತಾಣಗಳು ತಮ್ಮ ಗುರುತಿನ ಪತ್ರ ತೋರಿಸಿಯೇ ಮಾತಿಗೆ ಬರುತ್ತವೆ. ಆ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿಯಿರುತ್ತದೆ. ತಾನಿನ್ನೂ 2010ರಲ್ಲಿದ್ದೇನೆಂದು ತಿಳಿದಿದ್ದ ಕಂಪ್ಯೂಟರು, ಈ ಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲವೆಂದು ಎಲ್ಲರನ್ನೂ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿತ್ತು. ಕೆಲವು ರೂಪಾಯಿಗಳ ಒಂದು ಸೆಲ್ಲು ಹಾಕಿ ದಿನಾಂಕ ಸರಿಪಡಿಸಿದಾಗ ಕೆಲವು ಬಾಗಿಲುಗಳು ತೆರೆದವು, ಎಲ್ಲವೂ ತೆರೆಯಲಿಲ್ಲ.

ಐದನೆಯದೇ ದೊಡ್ಡದು. ಕೊನೆಗೂ ಖಾತೆಯ ಕಡತ ಫೋನಿಗೆ ಬಂತು. ತೆರೆದರೆ ರೈತರ ಹೆಸರುಗಳಿರಬೇಕಾದಲ್ಲಿ ಇಂಗ್ಲಿಷಿನ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಕುಳಿತಿದ್ದವು. “ಮುತ್ಯಾ, ಇದೇನ ಬರದೀರಿ? ಇಂಗ್ಲಿಷೂ ಅಲ್ಲ, ಕನ್ನಡಾನೂ ಅಲ್ಲ” ಎಂದ ಮೊಮ್ಮಗ. ಆಗಿನ ಕನ್ನಡ ತಂತ್ರಾಂಶಗಳಲ್ಲಿ ಅನೇಕವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂಡಿಸುತ್ತಿದ್ದವು. ಆ ಫಾಂಟು ಇರುವ ಯಂತ್ರದಲ್ಲಿ ಮಾತ್ರ ಅದು ಕನ್ನಡ. ಬೇರೆಡೆಗೆ ಹೋದರೆ ವೇಷ ಕಳಚಿ ಇಂಗ್ಲಿಷ್ ಅಕ್ಷರವಾಗುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಅವುಗಳದೇ ಸ್ಥಾನ ಕೊಡುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೂ ಸ್ವಂತ ಸ್ಥಾನವಿದೆ. ಇಂದಿನ ಫೋನುಗಳು ಬಳಸುವುದು ಅದನ್ನೇ. ನಾನು ಬರೆದದ್ದು ಹಳೆಯ ರೀತಿಯಲ್ಲಿ.

ಹೀಗೆ ನೋಡಿದಾಗ ತಪ್ಪು ಯಾರದು? ಹಳೆಯ ಕಂಪ್ಯೂಟರು ತನಗೆ ಕಲಿಸಿದ್ದನ್ನು ಮರೆತಿರಲಿಲ್ಲ. ಹೊಸ ಫೋನೂ ತನ್ನ ಕೆಲಸದಲ್ಲಿ ಕಡಿಮೆಯಿರಲಿಲ್ಲ. ಇಬ್ಬರೂ ಒಳ್ಳೆಯವರು, ಇಬ್ಬರಿಗೂ ಗೊತ್ತಿರುವ ಒಂದು ಮಾತು ಮಾತ್ರ ಇರಲಿಲ್ಲ.

ಇನ್ನೊಂದು ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ತಯಾರಕರು ಹಳೆಯದನ್ನು ಯಾಕೆ ಕೈಬಿಡುತ್ತಾರೆ? ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದು 8 ಏಪ್ರಿಲ್ 2014ರಂದು, ವಿಂಡೋಸ್ 7ಕ್ಕೆ 14 ಜನವರಿ 2020ರಂದು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತದ್ದು 14 ಅಕ್ಟೋಬರ್ 2025ರಂದು. ಹಳೆಯದರಲ್ಲಿ ಬಿದ್ದ ತೂತುಗಳನ್ನು ಎಂದೆಂದಿಗೂ ಮುಚ್ಚುತ್ತಾ ಕೂಡಲು ಆಗುವುದಿಲ್ಲ ಎಂಬುದು ಅವರ ಮಾತು. ಅದರಲ್ಲಿ ಹುರುಳಿದೆ. ಮೇ 2017ರಲ್ಲಿ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ತೂತು ಮುಚ್ಚದ ಕಂಪ್ಯೂಟರುಗಳ ಒಳಗೆ ಹೊಕ್ಕು, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಅದರಿಂದ ತೊಂದರೆಗೊಳಗಾದವು. ಆದ್ದರಿಂದ ಹಳೆಯದೇ ಶ್ರೇಷ್ಠ, ಹೊಸದನ್ನು ಮುಟ್ಟಬಾರದು ಎಂಬ ಹಟ ಸಲ್ಲದು. ಒಂದು ದಿನ ದಾಟಲೇಬೇಕು. ದಾಟುವಾಗ ಹೊಳೆಯ ಆಚೆ ದಡದಲ್ಲಿ ಉಳಿದವರ ಗತಿಯೇನು ಎಂಬುದಷ್ಟೇ ಪ್ರಶ್ನೆ.

ಆಣೆ ಪೈಸೆಯ ಕಾಲದಿಂದ ಒಂದು ಪಾಠ

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮದೇ ದೇಶದ ಒಂದು ಹಳೆಯ ದಾಟುವಿಕೆಯಲ್ಲಿ. 1 ಏಪ್ರಿಲ್ 1957ರಂದು ನಮ್ಮ ದೇಶ ಆಣೆ ಲೆಕ್ಕವನ್ನು ಬಿಟ್ಟು ದಶಮಾಂಶ ಲೆಕ್ಕಕ್ಕೆ ಬಂತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ, ಅಂದಿನಿಂದ ನೂರು ನಯೇ ಪೈಸೆ. ನಾಲ್ಕಾಣೆ ಇಪ್ಪತ್ತೈದಕ್ಕೂ ಎಂಟಾಣೆ ಐವತ್ತಕ್ಕೂ ಸರಿಯಾಗಿ ಕೂಡಿದವು. ಒಂದಾಣೆ ಮಾತ್ರ ಆರೂ ಕಾಲು ಪೈಸೆಯಾಗಿ ಯಾವ ಲೆಕ್ಕಕ್ಕೂ ಕೂಡದೆ ಉಳಿಯಿತು. ಆದರೂ ಹಳೆಯ ನಾಣ್ಯಗಳನ್ನು ಒಮ್ಮೆಲೇ ತಳ್ಳಲಿಲ್ಲ. ಎರಡೂ ಕೆಲವು ಕಾಲ ಒಟ್ಟಿಗೆ ನಡೆದವು.

ಅದಕ್ಕಿಂತ ಒಂದು ಸಣ್ಣ ಸಂಗತಿ ನನಗೆ ದೊಡ್ಡದಾಗಿ ಕಂಡಿದೆ. ಆ ಹೊಸ ಒಂದು ಪೈಸೆಯ ನಾಣ್ಯದ ಮೇಲೆ, ಇದು ರೂಪಾಯಿಯ ನೂರನೆಯ ಒಂದು ಭಾಗ ಎಂದು ಹಿಂದಿಯಲ್ಲಿ ಅಚ್ಚು ಹಾಕಿದ್ದರು. ಹತ್ತು ಪೈಸೆಯ ಮೇಲೆ ಹತ್ತನೆಯ ಒಂದು ಭಾಗ ಎಂದಿತ್ತು. ಜನರಿಗೆ ರೂಪಾಯಿ ಗೊತ್ತಿತ್ತು, ಪೈಸೆ ಹೊಸದು. ಹೊಸ ನಾಣ್ಯ ತಾನು ಯಾರೆಂಬುದನ್ನು ಹಳೆಯದರ ಲೆಕ್ಕದಲ್ಲಿ ತನ್ನ ಮೈಮೇಲೆಯೇ ಬರೆದುಕೊಂಡು ಬಂತು. ಹೆಸರಿನಲ್ಲಿ ‘ನಯಾ’ ಎಂಬ ಗುರುತನ್ನೂ ಇಟ್ಟುಕೊಂಡಿತು. ಎಲ್ಲರಿಗೂ ರೂಢಿಯಾದ ಮೇಲೆ 1964ರಲ್ಲಿ ಆ ‘ನಯಾ’ವನ್ನು ತೆಗೆದರು. ಹೊಸದಾಗಿ ಬಂದವನ ನಡೆ ಹೀಗಿರಬೇಕು. ಮನೆಗೆ ಬಂದ ಸೊಸೆಯೇ ಆಗಲಿ, ಊರಿಗೆ ಬಂದ ಅಧಿಕಾರಿಯೇ ಆಗಲಿ, ತನ್ನ ಪರಿಚಯವನ್ನು ತಾನೇ ಮೊದಲು ಹೇಳಿಕೊಳ್ಳುವುದು ರೀತಿ.

ಇದೇ ಕಾಲದಲ್ಲಿ ತೂಕವೂ ಬದಲಾಯಿತು. 1956ರ ಕಾಯಿದೆಯಂತೆ 1958ರಿಂದ ಹಂತ ಹಂತವಾಗಿ ಸೇರು ಹೋಗಿ ಕಿಲೋ ಬಂತು. ಎಂಬತ್ತು ತೊಲದ ಪಕ್ಕಾ ಸೇರು ಎಂದರೆ ಸುಮಾರು 933 ಗ್ರಾಂ. ಕಿಲೋ ಅದಕ್ಕಿಂತ 67 ಗ್ರಾಂ ಹೆಚ್ಚು. ಈ 67 ಗ್ರಾಮಿನ ಸಂದಿಯಲ್ಲಿ ಮೋಸಕ್ಕೆ ಜಾಗವಿತ್ತು. ಕೊಳ್ಳುವಾಗ ಕಿಲೋ ತೂಗಿಸಿಕೊಂಡು ಸೇರಿನ ದರ ಕೊಡಬಹುದು, ಮಾರುವಾಗ ಸೇರು ತೂಗಿ ಕಿಲೋದ ದರ ಹಿಡಿಯಬಹುದು. ನಾನು ಸಣ್ಣವನಿದ್ದಾಗ ನಮ್ಮ ತಂದೆಯವರು ಕಿಲೋದಲ್ಲಿ ತೂಗಿ, ಹಳ್ಳಿಯ ಮುದುಕಿಯರಿಗೆ ಅದರ ಸೇರಿನ ಲೆಕ್ಕವನ್ನು ಬಾಯಿಂದ ಹೇಳಿಯೇ ಚೀಲ ಕಟ್ಟುತ್ತಿದ್ದರು. ಗಿರಾಕಿ ಕೇಳದಿದ್ದರೂ ಹೇಳುತ್ತಿದ್ದರು. ಕೇಳಲು ತಿಳಿಯದವನಿಗೆ ಕೇಳದೆಯೇ ಹೇಳುವುದು ಅಂಗಡಿಯವನ ಕಾಯಕ ಎಂಬುದು ಅವರ ನಿಲುವು. ಹಳೆಯದಕ್ಕೂ ಹೊಸದಕ್ಕೂ ನಡುವೆ ಸಂದಿಯಿದ್ದಲ್ಲಿ ಅನ್ಯಾಯ ತಾನಾಗಿ ನುಗ್ಗುತ್ತದೆ. ಮೋಸ ಮಾಡುವ ಮನಸ್ಸೂ ಅದಕ್ಕೆ ಬೇಕಾಗಿಲ್ಲ, ಅಲಕ್ಷ್ಯವೇ ಸಾಕು. ನನ್ನ ಅಂಗಡಿಯಲ್ಲಿ ನುಗ್ಗಿದ್ದು ಹಾಗೆಯೇ.

ನಡುವೆ ಕೂಡುವವನು

ಹಳೆಯದು ತಾನಾಗಿ ಹೊಸ ಮಾತು ಕಲಿಯಲಾರದು. ಹೊಸದನ್ನು ತಂದವನಿಗೆ ಶಕ್ತಿಯಿದೆ, ಅನುಕೂಲವಿದೆ, ದಾಟಿದ್ದರ ಲಾಭವೂ ಅವನಿಗೇ. ಆದ್ದರಿಂದ ತಾಳೆ ನೋಡುವ ಹೊಣೆಯೂ ಅವನದೇ. ನನ್ನ ಉತ್ತರ ಇಷ್ಟು. ಹೊಸ ಫೋನು ಕೊಂಡದ್ದು ನನ್ನ ಮನೆ. ರೈತರು ಕೊಳ್ಳಲಿಲ್ಲ. ಹಾಗಿರುವಾಗ ಆ ಫೋನಿನ ಲೆಕ್ಕ ಸರಿಯೆಂದು ತೋರಿಸಬೇಕಾದದ್ದು ನಾನು. ತಪ್ಪೆಂದು ತೋರಿಸುವ ಭಾರವನ್ನು ಅವರ ಹೆಗಲಿಗೆ ಹಾಕಿದ್ದು ನನ್ನ ಅಪರಾಧ.

ದಾಟಿಸುವ ಕೆಲಸಕ್ಕೆ ಎರಡೂ ಬಲ್ಲವನೊಬ್ಬ ನಡುವೆ ಕೂಡಬೇಕಾಗುತ್ತದೆ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರನ್ನು (1880–1964) ಇಲ್ಲಿ ನೆನೆಯದೆ ಇರಲಾರೆ. ಮಠಗಳಲ್ಲಿ, ಮನೆಗಳಲ್ಲಿ ಕಟ್ಟಿಟ್ಟಿದ್ದ ತಾಳೆಗರಿಗಳನ್ನು ಹುಡುಕಿ, ಓದಿ, ತಾಳೆ ನೋಡಿ, ಅಚ್ಚಿಗೆ ತಂದರು. ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಹೊರಬಂತು. 1925ರಲ್ಲಿ ಹಿತಚಿಂತಕ ಎಂಬ ಸ್ವಂತ ಮುದ್ರಣಾಲಯವನ್ನೇ ಹಾಕಿದರು. ಗರಿ ತಾನಾಗಿ ಅಚ್ಚುಮನೆಗೆ ನಡೆದು ಬರುವುದಿಲ್ಲ, ಅಚ್ಚಿನ ಮೊಳೆ ಗರಿಯನ್ನು ಓದುವುದಿಲ್ಲ. ಹಳೆಯ ಬರಹವನ್ನು ಬಲ್ಲ, ಹೊಸ ಯಂತ್ರಕ್ಕೆ ಹೆದರದ ಒಬ್ಬ ಮನುಷ್ಯ ನಡುವೆ ಕುಳಿತು ಆಯುಷ್ಯ ಸವೆಸಬೇಕಾಯಿತು. ಅವರು ಗರಿಗಳನ್ನು ಬೈಯಲಿಲ್ಲ, ಗುಜರಿಗೆ ಹಾಕಲಿಲ್ಲ.

ನಮ್ಮದು ಅಷ್ಟು ದೊಡ್ಡ ಕೆಲಸವಲ್ಲ. ಆದರೆ ರೀತಿ ಅದೇ ಆಯಿತು. ಮೊಮ್ಮಗ ಮರಾಠಿ ಶಾಲೆಯವನು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುತ್ತಿರಲಿಲ್ಲ. ನನಗೆ ಫೋನಿನಲ್ಲಿ ಒತ್ತಲು ಬರುತ್ತಿರಲಿಲ್ಲ. ಅಕ್ಷರ ಬದಲಿಸುವ ತಂತ್ರಾಂಶಗಳಿವೆ, ಅದನ್ನೂ ಹಾಕಿ ನೋಡಿದೆವು. ಒತ್ತಕ್ಷರವಿದ್ದ ಕೆಲವು ಹೆಸರುಗಳು ಕೆಟ್ಟವು. ಹೆಸರು ಕೆಟ್ಟರೆ ಒಬ್ಬರ ಬಾಕಿ ಇನ್ನೊಬ್ಬರ ತಲೆಗೆ ಬಂದೀತು. ಕೊನೆಗೆ ಇಬ್ಬರೂ ಕುಳಿತೆವು. ಹಳೆಯ ಪರದೆಯ ಮೇಲಿನ ಹೆಸರು, ಊರು, ಬಾಕಿಯನ್ನು ನಾನು ಓದುತ್ತಿದ್ದೆ. ಅವನು ಫೋನಿನಲ್ಲಿ ಕನ್ನಡದಲ್ಲಿ ಒತ್ತಿ ತಿರುಗಿ ಓದಿ ತೋರಿಸುತ್ತಿದ್ದ. ಆರು ಸಂಜೆ ಹಿಡಿಯಿತು. ಎರಡನೆಯ ಸಂಜೆಗೆ ಅವನು ನನ್ನ ತಪ್ಪು ಹಿಡಿಯತೊಡಗಿದ. “ಮುತ್ಯಾ, ಇಲ್ಲಿ ‘ಳ’ ಅದ, ನೀವು ‘ಲ’ ಅಂದ್ರಿ” ಎಂದ. ನನಗೆ ಆದ ಸಂತೋಷವನ್ನು ಬಚ್ಚಿಡಲಾರೆ.

ಆಗ ತಿಳಿಯಿತು, ನಮ್ಮ ಗಡಿನಾಡಿನ ಮನೆಗಳಲ್ಲಿ ತಾಳೆ ತಪ್ಪಿರುವುದು ಯಂತ್ರಗಳಿಗೆ ಮಾತ್ರವಲ್ಲವೆಂದು. ಈ ಸೀಮೆಯ ಹಳೆಯ ಜಮೀನಿನ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಇಂದು ಅವನ್ನು ಓದಿಸಲು ಮೋಡಿ ಬಲ್ಲವರನ್ನು ಹುಡುಕಿಕೊಂಡು ಅಲೆಯುತ್ತೇವೆ. ಬಲ್ಲ ಹಿರಿಯರು ಮನೆಯಲ್ಲಿದ್ದಾಗ ಯಾರೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ನಾಳೆ ನಮ್ಮ ಕನ್ನಡದ ಪತ್ರಗಳಿಗೂ ಖಾತೆಗಳಿಗೂ ಅದೇ ಗತಿ ಬಾರದಿರಲಿ. ಮಕ್ಕಳು ಬೇರೆ ಮಾತಿನಲ್ಲಿ ಕಲಿಯುವುದು ತಪ್ಪಲ್ಲ, ಅನ್ನದ ದಾರಿ ಅದು. ಆದರೆ ಹಳೆಯವರಿಗೂ ಒಂದು ಕರ್ತವ್ಯವಿದೆ. ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅದರಲ್ಲಿರುವುದನ್ನು ಇಳಿಸಿಕೊಳ್ಳಬೇಕು. ಹಾಗೆಯೇ ನಾವು ಇನ್ನೂ ಓದಬಲ್ಲವರಾಗಿರುವಾಗಲೇ ಓದಿ ಹೇಳಬೇಕು. “ನಿಮಗೆ ತಿಳಿಯೂದಿಲ್ಲ, ಹೋಗ್ರಿ” ಎಂದು ಮೊಮ್ಮಕ್ಕಳನ್ನು ಅಟ್ಟುವುದು, ಕಂಪ್ಯೂಟರಿಗೆ ಗೋಣಿಚೀಲ ಹೊದಿಸಿದಂತೆಯೇ.

ಕೊನೆಯ ಮಾತು

ಇಂಥ ಸಮಯ ಬಂದವರಿಗೆ ನನ್ನ ಅನುಭವದಿಂದ ಕೆಲವು ಮಾತು. ಹೊಸದು ತಂದ ದಿನವೇ ಹಳೆಯದನ್ನು ಕಿತ್ತಿಡಬೇಡಿರಿ. ಒಂದು ಸುಗ್ಗಿಯಾದರೂ ಎರಡನ್ನೂ ನಡೆಸಿ ತಾಳೆ ನೋಡಿರಿ. ತಂತಿ, ಪರದೆಯ ಬೀಗ, ದಿನಾಂಕ ಈ ಮೂರನ್ನು ಮೊದಲು ನೋಡಿರಿ. ದಾಟಿಸುವ ಮುಂಚೆ ಎಲ್ಲ ಬಾಕಿಗಳನ್ನು ಕಾಗದದ ಮೇಲೆ ಅಚ್ಚು ತೆಗೆದು, ದಿನಾಂಕ ಬರೆದಿಡಿರಿ. ಕಾಗದಕ್ಕೆ ತಂತಿ ಬೇಕಾಗಿಲ್ಲ. ಬೆಂಬಲ ನಿಂತ ಯಂತ್ರವನ್ನು ಇಂಟರ್ನೆಟ್ಟಿಗೆ ಹಚ್ಚಿ ಬಿಡಬೇಡಿರಿ. ಎಲ್ಲ ದಾಟಿದ ಮೇಲೆ ಒಳಗಿನ ಹಾರ್ಡ್ ಡಿಸ್ಕನ್ನು ತೆಗೆಸಿ ಇಟ್ಟುಕೊಂಡು ಉಳಿದದ್ದನ್ನು ಇ-ತ್ಯಾಜ್ಯ ಪಡೆಯುವವರಿಗೆ ಕೊಡಿರಿ. 1 ಏಪ್ರಿಲ್ 2023ರಿಂದ ಜಾರಿಯಲ್ಲಿರುವ ನಿಯಮಗಳಂತೆ ಅದನ್ನು ನೋಂದಾಯಿತ ಮರುಬಳಕೆದಾರರ ಕೈಗೆ ಮುಟ್ಟಿಸಬೇಕು. ಬೀದಿ ಗುಜರಿಗೆ ಹಾಕಿದರೆ ನಿಮ್ಮ ಗಿರಾಕಿಗಳ ಲೆಕ್ಕವೆಲ್ಲ ಯಾರದೋ ಕೈಗೆ ಹೋದೀತು. ಮತ್ತು ಗಿರಾಕಿ ಕೇಳಲಿ ಬಿಡಲಿ, ಕೈಗೆ ಪಾವತಿ ಚೀಟಿ ಕೊಡಿರಿ. ನಾನು ಈಗ ಕೊಡುತ್ತಿದ್ದೇನೆ.

ಆ ರೈತರ ಮನೆಗೆ ಮರುದಿನವೇ ಹೋದೆ. ಕಡಲೆ ಬೀಜದ ಚೀಲವನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದೆ. ನಾಲ್ಕು ಜನರ ಮುಂದೆ ಆಡಿದ ಮಾತಾದ್ದರಿಂದ ಅವರ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆಯೇ, “ಅಣ್ಣಾ, ನಿನ್ನ ಲೆಕ್ಕ ಖರೆ ಇತ್ತು, ನನ್ನದು ಸುಳ್ಳಾತು” ಎಂದೆ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಚಹಾ ತರಿಸಿದರು. ಕುಡಿಯುವಾಗ, “ಸಾವಕಾರ್ರ, ಒಂಬತ್ತ ಸಾವಿರ ದೊಡ್ಡದಲ್ಲ. ನನ್ನ ಮಾತಿಗಿಂತ ಆ ಡಬ್ಬಿ ಮಾತು ನಿಮಗ ದೊಡ್ಡದಾತಲ್ಲ, ಅದಕ್ಕ ಎದ್ದು ಬಂದೆ” ಎಂದರು.

ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ. ಬೀಜದ ಚೀಲವನ್ನು ಇಳಿಸಿ, ಚೀಟಿ ಬರೆದು ಅವರ ಕೈಗೆ ಕೊಟ್ಟು ಬಂದೆ.